ನೆಲಕ್ಕೆ ಬಿಟ್ಟ ಬುಡ

ಕನ್ನೊಳ್ಳಿ
೧೧ ಸೆಪ್ಟೆಂಬರ್ ೨೦೨೩

ಕಾವೇರಿಗೆ,

ಲಕೋಟೆಯೊಳಗಿನ ಬಟ್ಟೆಯ ಗಂಟನ್ನು ಮೊದಲು ತೆಗೆದು ಒಣ ಜಾಗದಲ್ಲಿಡು. ಕಾಗದ ಓದದಿದ್ದರೂ ಚಿಂತೆಯಿಲ್ಲ, ಗಂಟನ್ನು ಇಟ್ಟುಕೋ. ಅದರಲ್ಲಿರುವುದು ಆರು ಒಣ ಅಣಬಿ. ಆ ದಿನ ನಮ್ಮವ್ವ ಬೀರಣ್ಣ ಕಾಕಾನ ಹೊಲದಿಂದ ತಂದ ಬುಟ್ಟಿಯಲ್ಲಿ ಉಳಿದವು. ದಾರಕ್ಕೆ ಪೋಣಿಸಿ ಒಲೆಯ ಮೇಲಿನ ಗೂಟಕ್ಕೆ ಕಟ್ಟಿದ್ದಳು. ಆಮೇಲೆ ಅವನ್ನು ಯಾರೂ ಮುಟ್ಟಲಿಲ್ಲ. ಮೊನ್ನೆ ನಾನೇ ಸ್ಟೂಲ್ ಹಾಕಿಕೊಂಡು ಬಿಚ್ಚಿದೆ.

ನಿನ್ನ ಫೋನಿಗೆ ನನ್ನ ಕರೆ ಹೋಗುವುದಿಲ್ಲ. ಹೀಗಾಗಿ ಕಾಗದ. ಇದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಬಾಯಿ ಬಿಟ್ಟು ಹೇಳುವುದು ನನಗೆ ಎಂದೂ ಬಂದಿಲ್ಲ. ಸಾಲಿಯಲ್ಲಿ ಹಾಜರಿ ಕೂಗುವಾಗ ನನ್ನ ನಂಬರಿಗೂ ನೀನೇ ದನಿ ಕೊಡುತ್ತಿದ್ದೆ.

ಊರಿನ ಮಾತು ನಿನಗೂ ಮುಟ್ಟಿರುತ್ತದೆ. ಸಾತವ್ವ ಕೊಟ್ಟ ಅಣಬಿ ತಿಂದು ಶೆಟ್ಟೆವ್ವನ ಮಗ ಸತ್ತ, ಅಷ್ಟೇ. ಅಂದರೆ ನಮ್ಮವ್ವ ಕೊಟ್ಟದ್ದು ತಿಂದು ನಿಮ್ಮಣ್ಣ ಹೋದ. ನೀನು ಆಸ್ಪತ್ರೆಗೆ ಬಂದಾಗ ಏನನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ, ಅದಕ್ಕೆ ನಾನು ಕಂಡದ್ದನ್ನು ಬರೆಯುತ್ತೇನೆ. ಅಂದು ನಿಮ್ಮಣ್ಣ ಬೆಳಿಗ್ಗೆಯಿಂದ ನಿಂಬೆ ತೋಟಕ್ಕೆ ಔಷಧ ಹೊಡೆಯುತ್ತಿದ್ದ. ಮೂಗಿಗೆ ಟವೆಲ್ ಕೂಡ ಕಟ್ಟಿರಲಿಲ್ಲ. ಅವ್ವ ಸಣ್ಣ ಅಣಬಿಗಳನ್ನು ಪಲ್ಯ ಮಾಡಿದಳು. ದೊಡ್ಡವನ್ನು, ಅವನಿಗೆ ಸೇರುತ್ತದೆಂದು, ಖಾರ ಉಪ್ಪು ಹಚ್ಚಿ ಇಡಿಯಾಗಿ ಕೆಂಡದ ಮೇಲೆ ಸುಟ್ಟಳು. ತಾಟಿನಲ್ಲಿ ಹಾಕಿಕೊಂಡು ತೋಟಕ್ಕೆ ಒಯ್ದದ್ದು ನಾನು. ಅವನು ಬದುವಿನ ಮೇಲೆ ನಿಂತೇ ತಿಂದ. ಮರುದಿನ ನಸುಕಿನಿಂದ ವಾಂತಿ. ಮೊದಲು ಸಿಂದಗಿ, ಅಲ್ಲಿಂದ ವಿಜಯಪುರ. ಒಳಗೆ ವಿಷ ಸೇರಿ ಯಕೃತ್ತು ಕೆಟ್ಟಿದೆ ಎಂದರು. ಅದು ಹೊಡೆಯುವ ಔಷಧದ ವಿಷವೋ ಅಣಬಿಯ ವಿಷವೋ ಯಾರೂ ಹೇಳಲಿಲ್ಲ. ಅದೇ ಬುಟ್ಟಿಯ ಪಲ್ಯ ಉಂಡ ನಾನು ಮತ್ತು ಅವ್ವ ಬದುಕಿದ್ದೇವೆ.

ಅವ್ವನನ್ನು ಸಾಲಿಯ ಬಿಸಿಯೂಟದ ಅಡುಗೆಯಿಂದ ಬಿಡಿಸಿದ್ದಾರೆ. ಯಾರೂ ಜಗಳ ಮಾಡಲಿಲ್ಲ. ಒಂದು ದಿನ ಅವಳು ಹೋಗುವಷ್ಟರಲ್ಲಿ ಬೇರೆಯವರು ಒಲೆ ಹಚ್ಚಿದ್ದರು. ಮೊದಲೆಲ್ಲ ಸಾತವ್ವನ ಕೈಗುಣ ಎನ್ನುತ್ತಿದ್ದರು. ಈಗಲೂ ಅದೇ ಮಾತನ್ನೇ ಅನ್ನುತ್ತಾರೆ, ದನಿ ಬೇರೆ.

ನೀನು ಧಾರವಾಡದಲ್ಲಿ ಏನು ಕೆಲಸ ಮಾಡುತ್ತೀ ಎಂದು ನಾನೊಮ್ಮೆ ನಿಮ್ಮಣ್ಣನನ್ನು ಕೇಳಿದ್ದೆ. "ನಮ್ಮ ಕಾವೇರಿ ಅಣಬಿ ಒಳಗಿನ ಬರಹ ಓದತಾಳ" ಅಂದಿದ್ದ. ಈ ಆರರಲ್ಲಿ ಏನು ಬರೆದಿದೆ ಎಂದು ಓದಿ ಹೇಳು. ಅವ್ವ ದಿನಾ ಕೇಳುವುದು ಅದೊಂದನ್ನೇ.

ನಿನ್ನ ಬೆಂಚಿನವಳು,
ರಾಜಶ್ರೀ


ಧಾರವಾಡ
೪ ಅಕ್ಟೋಬರ್ ೨೦೨೩

ರಾಜಶ್ರೀ,

ಗಂಟು ಬಂದು ಮುಟ್ಟೇತಿ. ಬಿಚ್ಚಿದ ಕೂಡಲೆ ಅರಿಷಿಣದ ವಾಸನಿ ಬಂತು. ಅಣಬಿಗೆ ಅರಿಷಿಣ ಉಪ್ಪು ಹಚ್ಚಿ ಹೊಗಿಗೆ ಕಟ್ಟೂದನ್ನ ನಾ ಮತ್ತೆಲ್ಲೂ ನೋಡಿಲ್ಲ. ನಮ್ಮ ಅಡಗಿ ಮನಿ ಎದುರಿಗೆ ಬಂದು ನಿಂತಂಗಾತು. ಗಂಟು ಕಟ್ಟಿ ಮತ್ತ ಲಕೋಟಿಗೆ ಹಾಕಿದೆ.

ನನ್ನ ಟೇಬಲ್ ಮ್ಯಾಲ ದಿನಾ ಯಾವ್ಯಾವ ಊರಿನ ಅಣಬಿನೋ ಬರತಾವು. ಎಲ್ಲಾದಕ್ಕೂ ನಂಬರ್ ಹಾಕತೇನಿ. ನಿನ್ನ ಗಂಟಿಗೆ ನಂಬರ್ ಹಾಕಾಕ ಕೈ ಬರಲಿಲ್ಲ.

ನೀ ಏನ ಕೇಳಾಕತ್ತಿ ಅಂತ ವಿಚಾರ ಮಾಡೀಯೇನು? ನಮ್ಮಣ್ಣನ್ನ ಕೊಂದದ್ದು ನಿಮ್ಮವ್ವ ಅಲ್ಲ ಅಂತ ನಾ ತೋರಿಸಬೇಕು. ಇಲ್ಲಾಂದ್ರ ನಿಮ್ಮವ್ವನ ಅಂತ ನಾ ತೋರಿಸಬೇಕು. ಎರಡೂ ನನ್ನ ಕೈಲೇ ಆಗಬೇಕು. ನಿನಗ ಬ್ಯಾರೆ ಯಾರೂ ಸಿಗಲಿಲ್ಲ.

ಇನ್ನ ಬರೀಬ್ಯಾಡ.

ಕಾವೇರಿ


ಕನ್ನೊಳ್ಳಿ
೨೦ ನವೆಂಬರ್ ೨೦೨೩

ಕಾವೇರಿ,

ಬರೆಯಬೇಡ ಎಂದಿದ್ದೆ. ಇಷ್ಟು ದಿನ ಸುಮ್ಮನಿದ್ದೆ.

ಅವ್ವ ಅಡುಗೆ ಬಿಟ್ಟಿದ್ದಾಳೆ. ರೊಟ್ಟಿ ನಾನೇ ಬಡಿಯುತ್ತೇನೆ, ಅವು ನಿನಗೆ ಗೊತ್ತಿರುವಂಥ ರೊಟ್ಟಿಗಳೇ, ಅಂಚು ಒಂದು ಕಡೆ ಹೋಗುತ್ತದೆ. ಅವ್ವ ಹಿಟ್ಟಿನ ಡಬ್ಬಿ ಮುಟ್ಟುವುದಿಲ್ಲ. ನೀರನ್ನೂ ನಾನೇ ತುಂಬಿ ಕೊಡಬೇಕು. ಬಿಸಿಯೂಟದ ಹೊತ್ತಿಗೆ ಎದ್ದು ಸೆರಗು ಸಿಕ್ಕಿಸಿಕೊಂಡು ಬಾಗಿಲಿಗೆ ಬರುತ್ತಾಳೆ. ಅಲ್ಲಿಂದ ಸಾಲಿಯ ಹೊಗೆ ಕಾಣಿಸುತ್ತದೆ. ಒಂದು ದಿನ "ಬ್ಯಾಳಿ ತಳಾ ಹಿಡದೈತಿ" ಅಂದಳು.

ಶೆಟ್ಟೆವ್ವತ್ತಿ ನಳಕ್ಕೆ ಬರುವ ಹೊತ್ತನ್ನು ಬದಲಿಸಿದ್ದಾಳೆ. ಒಮ್ಮೆ ಎದುರಾದಾಗ ಅವ್ವನ ಕೊಡ ತಾಗಿತು ಎಂದು ತನ್ನ ಕೊಡದ ನೀರನ್ನು ನೆಲಕ್ಕೆ ಸುರಿದಳು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು ಎಂದು ಅವ್ವ ಎರಡು ದಿನ ಅಂದಳು.

ನಿನ್ನ ಕಾಗದದ ಪ್ರಶ್ನೆಯನ್ನು ಮತ್ತೆ ಮತ್ತೆ ಓದಿದೆ. ಒಂದು ಮಾತ್ರ ಹೇಳುತ್ತೇನೆ. ಅವ್ವ ಸುಳ್ಳು ಸಮಾಧಾನ ಬೇಡುತ್ತಿಲ್ಲ. ಮೊನ್ನೆ ಕೂತಲ್ಲೇ ಕೈಯಾಡಿಸಿ ತೋರಿಸಿದಳು, ತಾನು ಹೇಗೆ ಕೊಯ್ದೆ ಎಂದು. ಕುರಿ ತಂಗಿದ ಹೊಲದಲ್ಲಿ ಮಳೆ ಬಿದ್ದ ಮೇಲೆ ಎದ್ದದ್ದನ್ನು, ಕೊಡೆ ಬಿಚ್ಚುವ ಮೊದಲೇ, ಮೊಗ್ಗಿರುವಾಗಲೇ, ಕುಡಗೋಲಿನ ತುದಿಯಿಂದ ನೆಲಮಟ್ಟಕ್ಕೆ ಕೊಯ್ಯಬೇಕು. ಬುಡವನ್ನು ಕೀಳಬಾರದು. ಅದನ್ನು ನೆಲಕ್ಕೆ ಬಿಟ್ಟು ಮೇಲೊಂದು ಹಿಡಿ ಕುರಿಹಿಕ್ಕೆ ಮುಚ್ಚಬೇಕು. ಕಿತ್ತರೆ ಮುಂದಿನ ವರ್ಷ ಆ ಜಾಗ ಮುನಿಯುತ್ತದೆ. ಅವಳಿಗೆ ಅವಳ ಅತ್ತೆ ಕಲಿಸಿದ್ದು, ನಿಮ್ಮವ್ವನಿಗೆ ನಿಮ್ಮಜ್ಜಿ ಕಲಿಸಿದ್ದು. "ಒಂದ ಒಂದು ಬುಡಾ ಕಿತ್ತಿಲ್ಲವಾ ನಾ" ಅಂತ ಕೈ ಚಾಚಿ ತೋರಿಸಿದಳು, ಆ ಕೈಯನ್ನು ನೋಡಿದರೆ ನಿಜ ಕಾಣುತ್ತದೆ ಎಂಬಂತೆ.

ರಾಜಶ್ರೀ


ಧಾರವಾಡ
೨೮ ಡಿಸೆಂಬರ್ ೨೦೨೩

ರಾಜಶ್ರೀ,

ಪರೀಕ್ಷಾ ಮಾಡಿದೆ. ಇಲ್ಲಿ ಯಾರಿಗೂ ಯಾರ ಅಣಬಿ ಅಂತ ಹೇಳಿಲ್ಲ. ಅರಿಷಿಣದ ಸಲುವಾಗಿ ಎರಡು ಸಲ ಕೆಟ್ಟು ಹೋತು, ಏನೂ ಬರಲಿಲ್ಲ. ನನಗ ಒಳಗೊಳಗ ಸಮಾಧಾನ ಆಗಿತ್ತು. ಆದರೂ ಮೂರನೇ ಸಲ ತೊಳದು ತೊಳದು ಮಾಡಿದೆ.

ನಿನಗ ತಿಳಿಯೂ ಹಂಗ ಹೇಳ್ತೇನಿ. ಪ್ರತಿ ಅಣಬಿ ಒಳಗೂ ನಾಲ್ಕ ಅಕ್ಷರದಾಗ ಬರದ ಉದ್ದನ್ನ ಬರಹ ಇರತೈತಿ. ಅದಕ್ಕ ಡಿಎನ್ಎ ಅಂತೀವಿ. ಪೂರ್ತಿ ಓದೂದು ಆಗೂದಿಲ್ಲ. ಎಲ್ಲಾ ಅಣಬಿಯೊಳಗೂ ಇರೂ ಒಂದು ಸಣ್ಣ ತುಂಡು ಐತಿ, ಜಾತಿ ಬದಲಾದಂಗ ಅಲ್ಲಿ ಅಕ್ಷರ ಬದಲಾಗತಾವು. ಆ ತುಂಡನ್ನ ಓದಿಸಿ, ಜಗತ್ತಿನಾಗ ಈ ಮೊದಲ ಓದಿಟ್ಟ ತುಂಡಿನ ಜೋಡಿ ಹೋಲಿಸಿ ನೋಡತೀವಿ. ಮ್ಯಾಲಿನ ಕೊಡೆ, ಬಣ್ಣ, ವಾಸನಿ ಇವೆಲ್ಲಾ ಮೋಸ ಮಾಡಬಹುದು.

ಆರೂ ಒಂದ ಜಾತಿ. ತಿನ್ನೂ ಜಾತಿ. ವಿಷ ಇಲ್ಲ.

ಸಾತವ್ವತ್ತಿಗೆ ಹೇಳು. ನಮ್ಮವ್ವಗ ನಾ ಹೇಳೂದಿಲ್ಲ. ಹೇಳಾಕ ನನ್ನಿಂದ ಆಗೂದಿಲ್ಲ. ಅಣಬಿ ಅಲ್ಲ ಅಂದ್ರ ಔಷಧ ಅಂತ ಆತು. ಆ ಔಷಧದ ಡಬ್ಬಿ ಇಂಡಿ ಪ್ಯಾಟಿಯಿಂದ ತಂದು ಕೊಟ್ಟಾಕಿ ಆಕೀನ.

ಕಾವೇರಿ


ಕನ್ನೊಳ್ಳಿ
೧೯ ಜನವರಿ ೨೦೨೪

ಪ್ರೀತಿಯ ಕಾವೇರಿ,

ನಿನ್ನ ಕಾಗದ ಬಂದ ದಿನ ನಾನು ಅಂಗಳದಲ್ಲೇ ನಿಂತು ಓದಿದೆ. ಎಂ.ಎ.ಯಲ್ಲಿ ಗ್ರಂಥಸಂಪಾದನೆ ಓದುವಾಗ ಒಂದೇ ಕಾವ್ಯದ ಓಲೆಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಎಲ್ಲಿ ಅಕ್ಷರ ಬೇರೆಯಾಗಿದೆ ಎಂದು ಹುಡುಕುತ್ತಿದ್ದೆವು. ಪಾಠಾಂತರ ಅನ್ನುತ್ತಾರೆ. ಅದು ಯಾರನ್ನಾದರೂ ಬದುಕಿಸಬಲ್ಲದು ಎಂದು ನನಗೆ ಗೊತ್ತಿರಲಿಲ್ಲ.

ಆದರೆ ನಾನಂದುಕೊಂಡಂತೆ ಏನೂ ಆಗಲಿಲ್ಲ.

ಹೆಡ್‌ಮಾಸ್ತರರು ಕಾಗದವನ್ನು ಎರಡು ಸಲ ಓದಿದರು. ಕುರ್ಚಿ ಕೊಟ್ಟರು. ಅವರಿಗೆ ಅವ್ವನ ಬಗ್ಗೆ ಏನೂ ಸಂಶಯ ಇಲ್ಲವಂತೆ, ಆದರೆ ಮಕ್ಕಳ ತಾಯಂದಿರು ಒಪ್ಪುವುದಿಲ್ಲವಂತೆ. ಒಬ್ಬಾಕೆಯಂತೂ ಸಾತವ್ವ ಮತ್ತೆ ಸೌಟು ಹಿಡಿದರೆ ಮಗುವನ್ನು ಆಲಮೇಲದ ಸಾಲಿಗೆ ಹಾಕುತ್ತೇನೆ ಎಂದಿದ್ದಾಳೆ. ನೀನು ಹೇಳುವುದಿಲ್ಲ ಎಂದದ್ದರಿಂದ ಶೆಟ್ಟೆವ್ವತ್ತಿಗೆ ನಾನೂ ಏನೂ ಹೇಳಿಲ್ಲ.

ಅವ್ವನಿಗೆ ಓದಿ ಹೇಳಿದಾಗ ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ನಿಂತಿತು. ಅವಳ ಮುಖ ಒಂದು ಕ್ಷಣ ಹಳೆಯ ಮುಖವಾಯಿತು. ನಾನು ಅದನ್ನು ನೋಡಿದೆ, ಅದಕ್ಕೇ ಬರೆಯುತ್ತಿದ್ದೇನೆ. ಆಮೇಲೆ ಮತ್ತೆ ಮೊರ ಆಡಿಸಲು ಶುರು ಮಾಡಿ ಕೇಳಿದಳು.

"ನೀ ಕಳಿಸಿದ್ದು ಯಾವ ಅಣಬಿ?"

"ದಾರಕ್ಕ ಪೋಣಿಸಿದ್ದು."

"ಅವು ಸಣ್ಣವು. ದೊಡ್ಡವು ಆರಿಸಿ ಆ ಹುಡುಗಗ ಕೊಟ್ಟೇನಲ್ಲ."

ಈಗ ಅವಳಿಗೆ ಬೇಕಾದದ್ದು ಮುಂದಿನ ಮಳೆ. ಅದೇ ಹೊಲದ್ದು, ದೊಡ್ಡದು, ನೀನು ಓದಬೇಕು. ಬೇಡ ಎಂದರೂ ಅವಳು ಬಿಡುವುದಿಲ್ಲ. ನನಗೆ ಮೊದಲ ಸಲ ಹೆದರಿಕೆಯಾಗಿದೆ.

ರಾಜಶ್ರೀ


ಧಾರವಾಡ
೨೨ ಫೆಬ್ರವರಿ ೨೦೨೪

ರಾಜಶ್ರೀ,

ಸಾಕು ಅಂತ ಬರಿಯಾಕ ಕೂತಿದ್ದೆ. ಆದ್ರ ಸಾತವ್ವತ್ತಿ ಕೇಳಿದ್ದು ಖರೆ ಐತಿ. ನನ್ನ ಗೈಡ್ ಕೂಡ ಅದನ್ನ ಕೇಳತಿದ್ರು. ಓದಿದ್ದು ಆರು, ತಿಂದದ್ದು ಬ್ಯಾರೆ.

ಮಳಿ ಆದ ಮ್ಯಾಲ ಕಳಿಸು. ಅರಿಷಿಣ ಬ್ಯಾಡ, ಉಪ್ಪು ಬ್ಯಾಡ, ಹೊಗಿ ಬ್ಯಾಡ. ಪ್ಲಾಸ್ಟಿಕ್ಕಿನಾಗ ಹಾಕಬ್ಯಾಡ, ಕೊಳೀತಾವು. ಒಂದೊಂದನ್ನೂ ಬ್ಯಾರೆ ಬ್ಯಾರೆ ಹಾಳ್ಯಾಗ ಸುತ್ತು. ಮತ್ತ ಕೊಯ್ಯಬ್ಯಾಡ್ರಿ. ಸುತ್ತ ಮಣ್ಣು ಅಗದು ಬುಡ ಸಮೇತ ತಗೀರಿ. ಸಾತವ್ವತ್ತಿ ಒಪ್ಪಾಕಿಲ್ಲ, ಗೊತ್ತೈತಿ. ಒಪ್ಪಿಸು. ಬುಡ ಇಲ್ಲದ ಅಣಬಿ ನನಗ ಅರ್ಧ ಅಣಬಿ.

ಒಂದು ಮಾತು. ನೀ ಇಷ್ಟು ಬರದಿ, ಒಂದ್ ಕಾಗದದಾಗೂ ಅವನ ಹೆಸರು ಬರದಿಲ್ಲ. 'ನಿಮ್ಮಣ್ಣ' ಅಂತೀ, 'ಅವನು' ಅಂತೀ. ನಮ್ಮವ್ವ ದೀಪಾವಳಿಗೆ ನಿಮ್ಮ ಮನಿಗೆ ಬಂದು ಹೆಣ್ಣು ಕೇಳೂದು ಅಂತ ಇತ್ತು. ನಿನಗ ಗೊತ್ತಿತ್ತೋ ಇಲ್ಲೋ ಅಂತ ನಾ ಕೇಳೂದಿಲ್ಲ.

ಕಾವೇರಿ


ಕನ್ನೊಳ್ಳಿ
೧೪ ಜೂನ್ ೨೦೨೪

ಕಾವೇರಿ,

ನಿನ್ನ ಫೆಬ್ರವರಿಯ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಈಗಲೂ ಅದರ ಕೊನೆಯ ಮಾತಿಗೆ ಬರೆಯಲಾರೆ.

ಈ ಸಲ ಮೃಗಶಿರಾ ಮಳೆ ಹೊತ್ತಿಗೆ ಸರಿಯಾಗಿ ಬಂತು. ಮೂರನೆಯ ದಿನ ಬೆಳಿಗ್ಗೆ ನಾನು, ಅವ್ವ ಬೀರಣ್ಣ ಕಾಕಾನ ಹೊಲಕ್ಕೆ ಹೋದೆವು. ಕಾಕಾ ಬೇಡ ಅನ್ನಲಿಲ್ಲ. ಬದುವಿನ ಮೇಲೆ ನಿಂತು ಬೇರೆ ಕಡೆ ನೋಡುತ್ತಿದ್ದ. ಆಮೇಲೆ, "ಲಗೂನ ಮುಗಿಸ್ರಿ, ಯಾರರ ಕಂಡಾರು" ಅಂದ.

ಅಣಬಿ ಎದ್ದಿದ್ದವು. ಕುರಿ ಮಲಗಿದ ಜಾಗದ ತುಂಬ ಬಿಳಿಯ ಮೊಗ್ಗುಗಳು. ಅವ್ವ ಕಳೆ ಕೀಳುವ ಕುರ್ಪಿ ಹಿಡಿದು ಕೂತಳು, ಆದರೆ ಅಗೆಯಲಿಲ್ಲ. ನಂತರ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಂದರ ಸುತ್ತ ಮಣ್ಣು ಬಿಡಿಸಿದಳು. ಬುಡ ಮೂಲಂಗಿಯ ಹಾಗೆ ಸಣ್ಣದಾಗುತ್ತ ಕೆಳಗೆ ಇಳಿದಿತ್ತು. ಅದರ ಪಕ್ಕದ್ದನ್ನು ಬಿಡಿಸಿದಳು. ಮೇಲೆ ಎರಡೂ ಒಂದೇ. ಅದೇ ಬಿಳುಪು, ಅದೇ ಗುಂಡು, ಅದೇ ಸಿಪ್ಪೆ. ನೆಲದೊಳಗೆ ಎರಡನೆಯದು ಉಳ್ಳಾಗಡ್ಡಿಯಂತೆ ಉಬ್ಬಿ ಅಲ್ಲಿಗೇ ನಿಂತಿತ್ತು. ಬೇರಿನ ಎಳೆಯೇ ಇಲ್ಲ.

ಅವ್ವ ಎರಡನ್ನೂ ಎರಡು ಅಂಗೈಯಲ್ಲಿ ಇಟ್ಟುಕೊಂಡಳು. ನಾನು ಏನಾದರೂ ಹೇಳಬೇಕಿತ್ತು. ನನಗೆ ಬರುವುದಿಲ್ಲ, ನಿನಗೆ ಗೊತ್ತಲ್ಲ.

ಮತ್ತೂ ನಾಲ್ಕೈದು ಅಗೆದಳು. ಬಹಳಷ್ಟು ಮೂಲಂಗಿಯಂಥವೇ. ನಡುನಡುವೆ ಒಂದು ಉಳ್ಳಾಗಡ್ಡಿಯಂಥದು. ಅವೇ ಹೆಚ್ಚು ದುಂಡಗೆ, ತುಂಬಿಕೊಂಡು ಇದ್ದವು. ಮನೆಗೆ ಬಂದವರಿಗೆ ಎಂದು ಯಾರಾದರೂ ಬೇರೆ ತೆಗೆದಿಡುವಂಥವು.

"ಇಷ್ಟ ವರ್ಷ ನಾ ಇದರ ಮ್ಯಾಲ ಹಿಕ್ಕಿ ಮುಚ್ಚಿ ಬಂದೇನಿ" ಅಂದಳು. ಮನೆಗೆ ಬಂದು ಒಂದೊಂದನ್ನೂ ತಾನೇ ಹಾಳೆಯಲ್ಲಿ ಸುತ್ತಿದಳು. ಬಹಳ ದಿನಗಳ ಮೇಲೆ ಅವಳ ಕೈ ಏನೋ ಕೆಲಸ ಮಾಡುವುದನ್ನು ನೋಡಿದೆ. ಎರಡು ಬಗೆಯವನ್ನು ಬೇರೆ ಬೇರೆ ಕಟ್ಟು ಮಾಡಿದ್ದಾಳೆ. ನೀನು ಓದುವುದಕ್ಕೆ ಮೊದಲೇ ಅವಳಿಗೆ ತಿಳಿದಿದೆ ಎಂದು ನನ್ನ ಭಾವನೆ. ಆದರೂ ಓದು. ಕಟ್ಟು ಕೊಡುವಾಗ ಅವಳು ಕೇಳಿದಳು, ಎರಡೂ ತಿನ್ನುವ ಜಾತಿಯೇ ಇರಬಹುದಲ್ಲ ಎಂದು.

ಇರಬಹುದು ಎಂದೆ.

ರಾಜಶ್ರೀ


ಧಾರವಾಡ
೧೨ ಜುಲೈ ೨೦೨೪

ರಾಜಶ್ರೀ,

ಮೊದಲ ಆ ಡಿಸೆಂಬರದ ಕಾಗದ ಹರದು ಒಗಿ. ಅದರಾಗ ನಾ ಬರದದ್ದು ತಪ್ಪು.

ಈ ಸಲದ ಎರಡೂ ಕಟ್ಟು ಓದಿಸಿದೆ. ಹೋದ ಸಲ ಓದಿಸಿದ ತುಂಡಿನಾಗ ಎರಡೂ ಒಂದ ಅದಾವು. ಒಂದು ಅಕ್ಷರಾನೂ ಬ್ಯಾರೆ ಇಲ್ಲ. ಬುಡ ನೋಡಿದ್ರ ಬ್ಯಾರೆ, ಬರಹ ಒಂದ. ನಾ ಸುಮ್ಮ ಕೂಡಲಿಲ್ಲ. ಭಾಳ ಹತ್ತಿರದ ಜಾತಿ ಇದ್ರ ಹಂಗ ಆಗತೈತಿ. ಅಕ್ಕ ತಂಗಿ ಅಗಲಿ ಭಾಳ ದಿನ ಆಗಿರೂದಿಲ್ಲ, ಆ ತುಂಡು ಬದಲಾಗಿರೂದಿಲ್ಲ. ಅಂಥಾದ್ದಕ್ಕ ಬ್ಯಾರೆ ಕಡೆಯಿಂದ ಮತ್ತೊಂದು ತುಂಡು ತಗೊಂಡು ಓದಿಸಬೇಕು. ಓದಿಸಿದೆ. ಒಂಬತ್ತು ಕಡೆ ಅಕ್ಷರ ಬ್ಯಾರೆ. ಎಷ್ಟು ಸಲ ಮಾಡಿದ್ರೂ ಅವೇ ಒಂಬತ್ತು. ಮೂಲಂಗಿ ಬುಡದ್ದು ತಿನ್ನೂ ಜಾತಿ. ಗಡ್ಡಿ ಬುಡದ್ದಕ್ಕ ಇನ್ನೂ ಯಾರೂ ಹೆಸರಿಟ್ಟಿಲ್ಲ. ಈ ಮೂಲಂಗಿ ಬುಡದ್ದೊಂದು ಬಿಟ್ರ, ಅದರ ಸಮೀಪದ ಬಂಧುಗಳೆಲ್ಲಾ ಯಕೃತ್ತು ತಿನ್ನೂ ವಿಷದವು. ಇದರಾಗ ವಿಷ ಐತೇನ ಅಂತ ಬ್ಯಾರೆ ಪರೀಕ್ಷಾ ಮಾಡಿಸಿದೆ. ಐತಿ.

ಆಮ್ಯಾಲ ನಿನ್ನ ಹಳೇ ಗಂಟು ತಗದೆ. ಅವು ಆರಕ್ಕೂ ಬುಡ ಇರಲಿಲ್ಲ. ಎರಡನೇ ತುಂಡು ಓದಿಸಿದೆ. ಆರರಾಗ ಒಂದು, ಅದು.

ಆ ಬುಟ್ಟಿಯೊಳಗ ಇತ್ತು, ರಾಜಶ್ರೀ. ಅವನ ತಾಟಿನಾಗ ಇತ್ತಂತ ಯಾವ ಮಷೀನೂ ಹೇಳೂದಿಲ್ಲ. ಆದ್ರ ನನಗೂ ನಿನಗೂ ಗೊತ್ತಾತು. ನೀವು ಬದುಕಿದ್ದು ಪಲ್ಯಾದಾಗ ಅದು ಬೀಳಲಿಲ್ಲಂತ, ಅಷ್ಟ. ನೀ ಪಾಠಾಂತರ ಅಂತ ಬರದಿದ್ದೆ. ನಾ ಅರ್ಧಾ ಓಲಿ ಓದಿ ತೀರ್ಪು ಕೊಟ್ಟಿದ್ದೆ.

ಯಾರಿಗಿ ಬೈಬೇಕು ನನಗ ತಿಳೀವಲ್ದು. ಸಾತವ್ವತ್ತಿಗೆ ಬೈಯಾಕ ವರ್ಷ ಪೂರ್ತಿ ಕಾದು ಕೂತಿದ್ದೆ. ಈಗ ಬೈದ್ರ ನಮ್ಮಜ್ಜಿಗೂ ಬೈಬೇಕು.

ಅವ್ವಗ ಫೋನ್ ಮಾಡಿ ಹೇಳಿದೆ. ಆ ಹೊಲದ ಅಣಬಿ ಯಾರೂ ತಿನ್ನಬ್ಯಾಡ್ರಿ, ತಿಂದ್ರ ಬುಡ ಕಿತ್ತು ನೋಡಿ ತಿನ್ರಿ ಅಂದೆ. ಆಕಿ ಎಲ್ಲಾ ಕೇಳಿ, "ಸತ್ತವನ ಮ್ಯಾಲ ಪರೀಕ್ಷಾ ನಡಸೀಯೇನ ನೀ? ಆಕಿ ಮಗಳು ಬರದಂಗ ಕುಣೀಯಾಕತ್ತೀ" ಅಂದ್ಲು. ವರ್ಷದ ದಿನಕ್ಕ ಬರಬ್ಯಾಡ ಅಂದಾಳ. ನಾ ಬರಾಂಗಿಲ್ಲ.

ಈ ಕಾಗದದ ಜೋಡಿ ಒಂದು ಹಾಳಿ ಇಟ್ಟೇನಿ. ಎರಡೂ ಅಣಬಿ ಚಿತ್ರ, ಕನ್ನಡದಾಗ ನಾಕ ಸಾಲು. ಹೆಣ್ಣಮಕ್ಕಳಿಗಿ ತೋರಿಸು. ನಾ ಮಾಡೂದು ಇಷ್ಟ.

ಕಾವೇರಿ


ಕನ್ನೊಳ್ಳಿ
೭ ಆಗಸ್ಟ್ ೨೦೨೪

ಕಾವೇರಿ,

ನೀನು ಬರಲಿಲ್ಲ, ಅದಕ್ಕೆ ಎಲ್ಲವನ್ನೂ ಬರೆಯುತ್ತೇನೆ.

ನಿನ್ನ ಹಾಳೆ ಹಿಡಿದುಕೊಂಡು ನಳದ ಹತ್ತಿರ ನಿಂತೆ. ಹೆಂಗಸರು ತುಂಬ ಇದ್ದರು. ನಾನು ಓದಿದೆ. ದನಿ ಮೇಲೆ ಏಳಲಿಲ್ಲ, ಹಿಂದೆ ನಿಂತವರು ಏನಂತ ಏನಂತ ಎಂದು ಕೇಳುತ್ತಿದ್ದರು. ಚಿತ್ರವನ್ನು ಎಲ್ಲರೂ ನೋಡಿದರು. ಒಬ್ಬಾಕೆ, "ಬುಡಾ ಕಿತ್ತರ ಮುಂದಿನ ವರ್ಷ ತಿನ್ನೂದು ಏನ, ನಿಮ್ಮ ಹಾಳೀನಾ?" ಎಂದಳು. ನಕ್ಕರು. ನಿಮ್ಮವ್ವ ನಗಲಿಲ್ಲ. ನನ್ನನ್ನು ನೇರ ನೋಡಿ ಹೇಳಿದಳು.

"ಈ ಊರಾಗ ಎಲ್ಲಾರೂ ಅದೇ ಹೊಲದಾಗ ಕೊಯ್ದೇವಿ. ನಮ್ಮತ್ತಿ ಕೊಯ್ದಾಳ, ನಾ ಕೊಯ್ದೇನಿ. ಯಾರ ಮನಿಯಾಗೂ ಹೆಣ ಬೀಳಲಿಲ್ಲ. ನಿಮ್ಮವ್ವನ ಕೈಯಾಗ ಅಷ್ಟ ಹ್ಯಾಂಗ ಬಂತು ವಿಷ?"

ನನ್ನಲ್ಲಿ ಉತ್ತರವಿತ್ತು. ಅದೃಷ್ಟ ಎಂಬುದೊಂದೇ ಆ ಉತ್ತರ. ಅದನ್ನು ಮಗನನ್ನು ಕಳೆದುಕೊಂಡವಳ ಮುಂದೆ ಹೇಗೆ ಹೇಳುವುದು?

ವರ್ಷದ ಎಡೆಗೆ ಅಣಬಿ ಸುಟ್ಟು ಇಡುತ್ತೇನೆ, ಅವನಿಗೆ ಅದು ಜೀವ, ಈ ಸಲ ನನ್ನ ಕೈಯಿಂದ ಕೊಯ್ದದ್ದು ಇಡುತ್ತೇನೆ ಎಂದು ಅತ್ತಿ ಅಲ್ಲೇ ಹೇಳಿದಳು. ಎಡೆಯ ಊಟವನ್ನು ಆಮೇಲೆ ಮನೆಯವರೆಲ್ಲ ಉಣ್ಣುತ್ತಾರೆ, ಓಣಿಗೆಲ್ಲ ತಾಟು ಹೋಗುತ್ತವೆ. ನಾನು ಮನೆಗೆ ಬಂದು ಅವ್ವನಿಗೆ ಹೇಳಿದೆ.

ಮರುದಿನ ನಸುಕಿನಲ್ಲಿ ಎದ್ದಾಗ ಅವಳು ಹಾಸಿಗೆಯಲ್ಲಿರಲಿಲ್ಲ. ಹುಡುಕುತ್ತ ಹೊಲಕ್ಕೆ ಹೋದೆ. ಅವಳು ಮೊಣಕಾಲೂರಿ ಕೂತಿದ್ದಳು. ಒಂದೊಂದು ಅಣಬಿಯ ಕಾಲಿನ ಗುಂಟ ಬೆರಳನ್ನು ಮಣ್ಣಿನೊಳಗೆ ಇಳಿಸಿ, ತಡವಿ ನೋಡಿ, ಬುಡ ಸಣ್ಣಗಿದ್ದರೆ ಮಣ್ಣು ಒತ್ತಿ ಹಾಗೇ ಬಿಡುತ್ತಿದ್ದಳು. ಗಡ್ಡೆ ಸಿಕ್ಕರೆ ಕಿತ್ತು ಉಡಿಗೆ ಹಾಕಿಕೊಳ್ಳುತ್ತಿದ್ದಳು. ಎಲ್ಲ ಮುಗಿದ ಮೇಲೆ ಬದುವಿನ ಆಚೆ ಗುಂಡಿ ತೋಡಿ ಹುಗಿದಳು. ಯಾರೋ ಮುಟ್ಟಿದ್ದಾರೆ ಎಂದು ಗೊತ್ತಾಗದಂತೆ ಹಿಕ್ಕೆಯನ್ನು ಮೊದಲಿನ ಹಾಗೆ ಹರಡಿದಳು. ನಾನು ಸಹಾಯಕ್ಕೆ ಕೂತೆ. "ನಿನ್ನ ಬೆರಳಿಗಿ ತಿಳಿಯಾಂಗಿಲ್ಲ, ಬಿಡು" ಅಂದಳು. ಪ್ರತಿ ಮಳೆಯ ನಂತರ ಹೋದಳು. ಎಡೆಯ ಹಿಂದಿನ ದಿನವೂ ಹೋದಳು, ಅತ್ತಿ ಬುಟ್ಟಿ ಹಿಡಿದು ಬರುವುದಕ್ಕೆ ಮೊದಲು.

ಎಡೆ ಆಯಿತು. ನಮ್ಮ ಬಾಗಿಲ ಮುಂದಿನಿಂದ ತಾಟುಗಳು ಹೋದವು. ಸುಟ್ಟ ಅಣಬಿಯ ವಾಸನೆ ಬರುತ್ತಿತ್ತು. ನಮ್ಮ ಮನೆಯೊಂದನ್ನು ಬಿಟ್ಟು ಎಲ್ಲ ಮನೆಗೂ ಕೊಟ್ಟರು. ಅವ್ವ ಹೊಸ್ತಿಲ ಒಳಗೆ ಕೂತು ಪ್ರತಿ ತಾಟನ್ನೂ ನೋಡಿದಳು. ಒಂದನ್ನೇನಾದರೂ ಬಿಟ್ಟಿದ್ದೇನೆಯೇ ಎಂದು ಅವಳು ಲೆಕ್ಕ ಹಾಕುತ್ತಿದ್ದಾಳೆ ಎಂದು ನನಗೆ ಗೊತ್ತಾಯಿತು. ಮರುದಿನ ಓಣಿಯಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದವು. ಕಸ ಹೊಡೆದರು, ನೀರು ಚಿಮುಕಿಸಿದರು, ಒಬ್ಬರನ್ನೊಬ್ಬರು ಬೈದರು. ಯಾರಿಗೂ ಏನೂ ಆಗಿರಲಿಲ್ಲ.

ಈಗ ಊರಿಗೆ ಸಂಶಯವೇ ಉಳಿದಿಲ್ಲ. ಮೊದಲು ಔಷಧ ಎನ್ನುವವರೂ ಇದ್ದರು. ಈಗ ಅದೇ ಹೊಲದ ಅಣಬಿಯನ್ನು ಓಣಿಯೆಲ್ಲ ತಿಂದಿದೆ, ಹೊಟ್ಟೆ ಕೂಡ ನೊಂದಿಲ್ಲ. ಅಣಬಿಯದೇನೂ ತಪ್ಪಿಲ್ಲ, ಕೈಯದೇ ತಪ್ಪು. ನಿನ್ನ ಹಾಳೆಯನ್ನು ಯಾರೋ ನಮ್ಮ ಬಾಗಿಲ ಸಂದಿಯಲ್ಲಿ ಮಡಿಚಿ ಇಟ್ಟು ಹೋಗಿದ್ದರು.

ನಾನು ಎದ್ದೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ದನಿ ಬಂದಿತ್ತು. ನಿಮ್ಮ ಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದೆ. ಅವ್ವ ಸೆರಗು ಹಿಡಿದು ಕೂಡಿಸಿದಳು.

"ನಾ ಅಣಬಿ ಮುಟ್ಟೀನಿ ಅಂದ್ರ ಆ ಹೊಲದಾಗ ನನ್ನ ಕಾಲಿಡಗೊಡೂದಿಲ್ಲ. ಆಮ್ಯಾಲ ಆರಿಸಾಕಿ ಯಾರು?"

ಅದಕ್ಕೆ ಉತ್ತರ ನಿನ್ನ ಬಳಿ ಇದ್ದರೆ ಬರೆ. ನೀನೂ ಯಾರಿಗೂ ಹೇಳಬೇಡ.

ಅವ್ವನ ಮೊಣಕಾಲು ಬಾತಿವೆ. ನಾನು ತಡವಿ ಕಲಿಯಲು ಎರಡು ಸಲ ಹೋದೆ, ಎರಡು ಸಲವೂ ಗಡ್ಡೆಯನ್ನು ಬಿಟ್ಟು ಬಂದೆ, ಅವಳೇ ಹಿಂದಿನಿಂದ ಬಂದು ಕಿತ್ತಳು. ನಿನ್ನ ಒಂಬತ್ತು ಅಕ್ಷರಗಳು ನನ್ನ ಬೆರಳಿಗೆ ಓದಲು ಬರುತ್ತಿಲ್ಲ.

ಫೆಬ್ರವರಿಯಲ್ಲಿ ನೀನು ಒಂದು ಮಾತು ಬರೆದಿದ್ದೆ. ಗೊತ್ತಿತ್ತು. ಎಡೆಯ ದಿನ ನಿಮ್ಮ ಮನೆಯೊಳಗಿಂದ ಅವನ ಹೆಸರು ಹಿಡಿದು ಕರೆಯುವುದು ಕೇಳಿಸಿತು, ಉಣ್ಣಲು ಬಾ ಎಂದು. ನಾನೂ ಇಲ್ಲಿಂದ ಮೆಲ್ಲಗೆ ಅಂದೆ. ದುಂಡೇಶ. ಯಾರಿಗೂ ಕೇಳಿಸಲಿಲ್ಲ.

ಇದನ್ನು ಬರೆಯುವ ಹೊತ್ತಿಗೆ ಹೊರಗೆ ಸಣ್ಣಗೆ ಮಳೆ ಹನಿಯುತ್ತಿದೆ. ಅವ್ವ ಗೋಡೆಗೆ ಒರಗಿ ಕೂತಿದ್ದಾಳೆ. ಅವಳ ಉಗುರಿನ ಸಂದಿಯ ತುಂಬ ಹೊಲದ ಮಣ್ಣು. ಕೈ ತೊಳೆಯಲು ಚೊಂಬಿನಲ್ಲಿ ನೀರು ತಂದಿಟ್ಟೆ. ಬೇಡ ಅಂದಳು, ನಾಳೆ ಮತ್ತೆ ಹೋಗಬೇಕಲ್ಲ.

ರಾಜಶ್ರೀ